ಟರ್ಬೊಪ್ರಾಪ್ ಎಂಜಿನ್ ಹದಗೊಳಿಸುವುದು: ಫ್ಲೈಟ್‌ಗಿಯರ್‌ನ ಜೆಎಸ್‌ಬಿಸಿಮ್ ವಿಮಾನಗಳಿಗೆ ಸಮಗ್ರ ಮಾರ್ಗದರ್ಶಿ

ಫ್ಲೈಟ್‌ಗಿಯರ್ ಒಂದು ವಿಮಾನ ಸಿಮ್ಯುಲೇಟರ್, ಜೆಎಸ್‌ಬಿಸಿಮ್ ಅದರಲ್ಲಿ ಹಾರಾಟವನ್ನು ಲೆಕ್ಕಹಾಕುವ ತಂತ್ರಾಂಶ. ಈ ಸಿಮ್ಯುಲೇಟರಿಗೆ ಇಳಿಸಿಕೊಂಡ ಟರ್ಬೊಪ್ರಾಪ್ (ಟರ್ಬೈನ್‌ನಿಂದ ಪ್ರಾಪೆಲರ್ ತಿರುಗಿಸುವ) ವಿಮಾನಗಳ ಬಗ್ಗೆ ಬರುವ ದೂರುಗಳು ಹೆಚ್ಚುಕಡಿಮೆ ಒಂದೇ ಥರ. ಐಡಲ್‌ನಲ್ಲಿ ಬಿಟ್ಟರೂ ಟ್ಯಾಕ್ಸಿವೇ ಮೇಲೆ ಓಡುತ್ತದೆ. ಲಿವರ್ ತಳ್ಳಿದ ಕೂಡಲೇ ಪಿಸ್ಟನ್ ಎಂಜಿನ್ನಿನಂತೆ ಟಾರ್ಕ್ (ತಿರುಗಿಸುವ ಬಲ) ಬಂದುಬಿಡುತ್ತದೆ. ರಿವರ್ಸ್‌ಗೆ ಹಾಕಿದರೆ ಮೊದಲು ಮುಂದಕ್ಕೆ ನುಗ್ಗುತ್ತದೆ. ಏಪ್ರಿಲ್ ಮಧ್ಯಾಹ್ನದ ಬೆಂಗಳೂರಿನಲ್ಲೂ ಜನವರಿಯ ನಾರ್ವೆಯಲ್ಲೂ ಅದೇ ಶಕ್ತಿ ಕೊಡುತ್ತದೆ. ಎಲ್ಲರೂ ಮೊದಲು ಎಂಜಿನ್ ಫೈಲಿಗೇ ಕೈಹಾಕುತ್ತಾರೆ, ಆದರೆ ಬಹಳ ಸಲ ತಪ್ಪು ಇರುವುದು ಪ್ರಾಪೆಲರ್ ಫೈಲಿನಲ್ಲಿ. ಹಾಗಾಗಿ ಇಲ್ಲಿ ಕ್ರಮ ಮುಖ್ಯ: ಮೊದಲು ಪ್ರಾಪೆಲರ್, ಆಮೇಲೆ ಶಕ್ತಿಯ ಪಟ್ಟಿ, ಆಮೇಲೆ ಹವೆ, ಆಮೇಲೆ ಸಮಯ, ಕೊನೆಗೆ ಉಷ್ಣತೆ ಮತ್ತು ಇಂಧನ. ಕ್ರಮ ತಪ್ಪಿಸಿದರೆ ಒಂದನ್ನು ಸರಿಮಾಡಿದಾಗ ಹಿಂದಿನದು ಕೆಡುತ್ತದೆ.

ಉದಾಹರಣೆಗೆ ಸೆಸ್ನಾ 208ಬಿ ಗ್ರ್ಯಾಂಡ್ ಕ್ಯಾರವಾನ್ ಮತ್ತು ಅದರ ಪಿಟಿ6ಎ-114ಎ ಎಂಜಿನ್ ತೆಗೆದುಕೊಳ್ಳೋಣ. ಟ್ಯಾಗ್ ಹೆಸರುಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದೆ. ಫೈಲಿನಲ್ಲಿ ಅವು ಇಂಗ್ಲಿಷ್ ಅಕ್ಷರದಲ್ಲಿರುತ್ತವೆ, ಹುಡುಕಿಕೊಳ್ಳುವುದು ಕಷ್ಟವಲ್ಲ.

ಮೊದಲು ಗುರಿ ಬರೆದಿಟ್ಟುಕೊಳ್ಳಿ

ಪೈಲಟ್ ಕೈಪಿಡಿಯ ಅಂಕಿಗಳಿಲ್ಲದೆ ಕೆಲಸ ಶುರುಮಾಡಬೇಡಿ. ಈ ಎಂಜಿನ್ನಿಗೆ ಬೇಕಾದವು ಇಷ್ಟು. ಗರಿಷ್ಠ ಶಕ್ತಿ 675 ಅಶ್ವಶಕ್ತಿ, ಪ್ರಾಪೆಲರ್ ವೇಗ 1900 ಆರ್‌ಪಿಎಂ, ಟಾರ್ಕ್ ಮಿತಿ 1865 ಅಡಿ-ಪೌಂಡ್. ಪ್ರಾಪೆಲರ್ ವೇಗವನ್ನು ಸ್ಥಿರವಾಗಿಡುವ ಗವರ್ನರ್‌ನ ವ್ಯಾಪ್ತಿ 1600ರಿಂದ 1900. ಗ್ಯಾಸ್ ಜನರೇಟರ್ (ಗಾಳಿ ಒತ್ತಿ ಇಂಧನ ಉರಿಸುವ ಭಾಗ) ವೇಗ, ಅಂದರೆ ಸಿಮ್ಯುಲೇಟರ್ ಭಾಷೆಯಲ್ಲಿ ಎನ್‌1, ಗರಿಷ್ಠ 101.6%, ಲೋ ಐಡಲ್ 52%, ಹೈ ಐಡಲ್ 65%. ಐಟಿಟಿ (ಟರ್ಬೈನ್ ಹಂತಗಳ ನಡುವಿನ ತಾಪಮಾನ) ಮಿತಿ ಟೇಕಾಫ್‌ಗೆ 805 ಡಿಗ್ರಿ ಸೆಲ್ಸಿಯಸ್, ಐಡಲ್‌ನಲ್ಲಿ 685, ಸ್ಟಾರ್ಟ್ ಮಾಡುವಾಗ ಕ್ಷಣಕಾಲ 1090. ಮೆಕಾಲಿ ಪ್ರಾಪೆಲರ್ ಮೂರು ಬ್ಲೇಡಿನದು, ವ್ಯಾಸ 106 ಇಂಚು. ಬ್ಲೇಡ್ ಕೋನ ಲೋ ಪಿಚ್‌ನಲ್ಲಿ 15.6, ಫೆದರ್‌ನಲ್ಲಿ (ಬ್ಲೇಡಿನ ಅಂಚು ಗಾಳಿಗೆ ಎದುರಾಗಿ ತಡೆ ಕಡಿಮೆಯಾಗುವ ಸ್ಥಿತಿ) 88, ಪೂರ್ಣ ರಿವರ್ಸ್‌ನಲ್ಲಿ ಮೈನಸ್ 14 ಡಿಗ್ರಿ.

ಮುಖ್ಯ ವಿಮಾನ ಫೈಲಿನಲ್ಲಿ ಒಂದು ಔಟ್‌ಪುಟ್ ವಿಭಾಗ ಸೇರಿಸಿ: ವಿಧ ಸಿಎಸ್‌ವಿ, ದರ ಸೆಕೆಂಡಿಗೆ 20. ಸ್ಪ್ರೆಡ್‌ಶೀಟಿನಲ್ಲಿ ತೆರೆಯಬಹುದಾದ ಈ ಫೈಲೇ ಮುಂದೆ ಹೇಳುವ ಲಾಗ್. ಅದರಲ್ಲಿ ಥ್ರಾಟಲ್ ಸ್ಥಾನ, ಎನ್‌1, ಅಶ್ವಶಕ್ತಿ, ಪ್ರಾಪೆಲರ್ ಆರ್‌ಪಿಎಂ, ಬ್ಲೇಡ್ ಕೋನ, ಥ್ರಸ್ಟ್, ಇಂಧನ ಹರಿವು ಇರಲಿ. ಪ್ರತಿ ಬದಲಾವಣೆಯ ನಂತರ ಸಿಮ್ಯುಲೇಟರ್ ಮುಚ್ಚಿ ತೆರೆದು, ಅದೇ ಪರೀಕ್ಷೆ ಮಾಡಿ, ಸ್ಪ್ರೆಡ್‌ಶೀಟಿನಲ್ಲಿ ನೋಡಿ. ಕಾಕ್‌ಪಿಟ್ ಮುಳ್ಳುಗಳನ್ನು ನಂಬಬೇಡಿ. ಎಷ್ಟೋ ವಿಮಾನಗಳಲ್ಲಿ ಮುಳ್ಳಿಗೂ ಎಂಜಿನ್ನಿಗೂ ನಡುವೆ ಯಾರೋ ಹಾಕಿದ ಗುಣಕವೊಂದು ಕೂತಿರುತ್ತದೆ. ಟಾರ್ಕ್ ಅನ್ನು ನೀವೇ ಲೆಕ್ಕ ಹಾಕಿ: ಅಶ್ವಶಕ್ತಿ × 5252 ÷ ಆರ್‌ಪಿಎಂ. 675 ಹಾಕಿದರೆ 1866 ಬರುತ್ತದೆ, ಕೈಪಿಡಿಗೆ ತಾಳೆಯಾಯಿತು.

ಪ್ರಾಪೆಲರ್: ಗಡಿಬಿಡಿ ಶುರುವಾಗುವ ಜಾಗ

ಪ್ರಾಪೆಲರ್ ಫೈಲಿನಲ್ಲಿ ಮಿನ್‌ಪಿಚ್ 15.6, ಮ್ಯಾಕ್ಸ್‌ಪಿಚ್ 88, ರಿವರ್ಸ್‌ಪಿಚ್ ಮೈನಸ್ 14, ಮಿನ್‌ಆರ್‌ಪಿಎಂ 1600, ಮ್ಯಾಕ್ಸ್‌ಆರ್‌ಪಿಎಂ 1900, ಕಾನ್‌ಸ್ಟ್‌ಸ್ಪೀಡ್ 1. ಜೆಎಸ್‌ಬಿಸಿಮ್‌ನಲ್ಲಿ ಫೆದರ್‌ಗೆ ಪ್ರತ್ಯೇಕ ಕೋನವಿಲ್ಲ. ಫೆದರ್ ಅಂದರೆ ಮ್ಯಾಕ್ಸ್‌ಪಿಚ್‌ಗೆ ಹೋಗುವುದು. ಎಷ್ಟೋ ಫೈಲುಗಳಲ್ಲಿ ಮ್ಯಾಕ್ಸ್‌ಪಿಚ್ 45 ಇರುತ್ತದೆ, ಎಂಜಿನ್ ಆರಿದ ಮೇಲೆ ಫೆದರ್ ಮಾಡಿದರೂ ವಿಮಾನ ಕಲ್ಲಿನಂತೆ ಇಳಿಯುವುದಕ್ಕೆ ಅದೇ ಕಾರಣ. ಮ್ಯಾಕ್ಸ್‌ಪಿಚ್ ಒಂದನ್ನೇ 88 ಮಾಡಿ ಬಿಟ್ಟರೂ ಪ್ರಯೋಜನವಿಲ್ಲ. ಸಿ-ಥ್ರಸ್ಟ್ ಮತ್ತು ಸಿ-ಪವರ್ (ಪ್ರಾಪೆಲರ್ ಕೊಡುವ ನೂಕುಬಲ ಮತ್ತು ಹೀರುವ ಶಕ್ತಿಯ ಗುಣಾಂಕಗಳ) ಪಟ್ಟಿಗಳ ಕಾಲಂಗಳು ಮೈನಸ್ 14ರಿಂದ 88ರವರೆಗೆ ಹರಡಿರಬೇಕು. ಪಟ್ಟಿ ಎಲ್ಲಿ ಮುಗಿಯುತ್ತದೋ ಅಲ್ಲಿಂದಾಚೆ ಕೊನೆಯ ಬೆಲೆಯೇ ಮುಂದುವರಿಯುತ್ತದೆ, ಎಚ್ಚರಿಕೆ ಏನೂ ಬರುವುದಿಲ್ಲ.

ಪಟ್ಟಿ ಸರಿಯಿದೆಯೇ ಎಂದು ತಿಳಿಯಲು ಒಂದು ಲೆಕ್ಕ ಸಾಕು. ಪ್ರಾಪೆಲರ್ ಹೀರುವ ಶಕ್ತಿ = ಸಿ-ಪವರ್ × ಗಾಳಿಯ ಸಾಂದ್ರತೆ × ಸೆಕೆಂಡಿನ ಸುತ್ತುಗಳ ಘನ × ವ್ಯಾಸದ ಐದನೇ ಘಾತ. 8.833 ಅಡಿ ವ್ಯಾಸ, ಸೆಕೆಂಡಿಗೆ 31.67 ಸುತ್ತು, ಸಮುದ್ರಮಟ್ಟದ ಸಾಂದ್ರತೆ 0.002377 ಹಾಕಿದರೆ, 675 ಅಶ್ವಶಕ್ತಿ ಹೀರಲು ಸಿ-ಪವರ್ 0.0915 ಬೇಕು. ಮುನ್ನಡೆ ಅನುಪಾತ (ವಿಮಾನದ ವೇಗವನ್ನು ಸೆಕೆಂಡಿನ ಸುತ್ತು ಮತ್ತು ವ್ಯಾಸದ ಗುಣಲಬ್ಧದಿಂದ ಭಾಗಿಸಿದ್ದು) ಸೊನ್ನೆ ಇರುವ ಸಾಲಿನಲ್ಲಿ, ಅಂದರೆ ನಿಂತಲ್ಲೇ, ಯಾವ ಕೋನದಲ್ಲಿ ಈ ಬೆಲೆ ಬರುತ್ತದೆ ನೋಡಿ. ಅದು 15.6ಕ್ಕಿಂತ ಕೆಲವು ಡಿಗ್ರಿ ಮೇಲಿರಬೇಕು. 15.6ಕ್ಕೇ ಪಟ್ಟಿ 0.0915 ದಾಟಿದ್ದರೆ ರನ್‌ವೇ ಮೇಲೆ 1900 ಆರ್‌ಪಿಎಂ ಮುಟ್ಟುವುದೇ ಇಲ್ಲ, ಗವರ್ನರ್‌ಗೆ ಕೋನ ಇಳಿಸಲು ಜಾಗವೇ ಉಳಿದಿರುವುದಿಲ್ಲ. 170 ನಾಟ್‌ನಲ್ಲಿ ಮುನ್ನಡೆ ಅನುಪಾತ 1.03ರ ಹತ್ತಿರ, 100 ನಾಟ್‌ನಲ್ಲಿ 0.60. ಪಟ್ಟಿಯ ಸಾಲುಗಳು ಈ ವ್ಯಾಪ್ತಿಯಲ್ಲಿ ದಟ್ಟವಾಗಿರಲಿ.

ಥ್ರಸ್ಟ್‌ಗೂ ಒಂದು ಮೇಲ್ಮಿತಿ ಇದೆ. ಇಷ್ಟು ವ್ಯಾಸದ ಪ್ರಾಪೆಲರ್ 675 ಅಶ್ವಶಕ್ತಿಯಿಂದ ನಿಂತಲ್ಲೇ ಕೊಡಬಹುದಾದ ಆದರ್ಶ ಥ್ರಸ್ಟ್ ಸುಮಾರು 3,400 ಪೌಂಡ್. ನಿಜವಾದ ಪ್ರಾಪೆಲರ್ ಅದಕ್ಕಿಂತ ಸಾಕಷ್ಟು ಕಡಿಮೆ ಕೊಡುತ್ತದೆ. 2,000ದಿಂದ 2,500 ಬಂದರೆ ನೆಮ್ಮದಿ. ಲಾಗ್‌ನಲ್ಲಿ 3,400 ದಾಟಿದ್ದರೆ ಯಾರೋ ಟೇಕಾಫ್ ಚುರುಕಾಗಲಿ ಎಂದು ಸಿಟಿ-ಫ್ಯಾಕ್ಟರ್ (ಥ್ರಸ್ಟ್‌ನ ಗುಣಕ) ಏರಿಸಿದ್ದಾರೆ ಎಂದರ್ಥ. ಅದನ್ನು ಮೊದಲು 1ಕ್ಕೆ ತನ್ನಿ.

ಜಡತ್ವದ ಟ್ಯಾಗ್ ಐಎಕ್ಸ್‌ಎಕ್ಸ್. ಆರಂಭಕ್ಕೆ 15 ಸ್ಲಗ್-ಚದರಡಿ ಇಡಿ. ತೀರಾ ಕಡಿಮೆಯಾದರೆ ಜೆಎಸ್‌ಬಿಸಿಮ್‌ನ ಗವರ್ನರ್ ನಡುಗುತ್ತದೆ: ಅದು ಆರ್‌ಪಿಎಂ ವ್ಯತ್ಯಾಸಕ್ಕೆ ನೇರ ಅನುಪಾತದಲ್ಲಿ ಕೋನ ತಿರುಗಿಸುತ್ತದೆ, 100 ಆರ್‌ಪಿಎಂ ತಪ್ಪಿಗೆ ಸೆಕೆಂಡಿಗೆ 100 ಡಿಗ್ರಿ ವೇಗದಲ್ಲಿ. ಹಗುರ ಪ್ರಾಪೆಲರ್ ಅದಕ್ಕೆ ಸಿಕ್ಕಿ ಮೇಲೆ-ಕೆಳಗೆ ಹೊಯ್ದಾಡುತ್ತದೆ. ಜಾಸ್ತಿಯಾದರೆ ಲಿವರ್ ತಳ್ಳಿದಾಗ ಆರ್‌ಪಿಎಂ ತಡವಾಗಿ ಏರುತ್ತದೆ.

ಗೇರ್‌ರೇಷಿಯೊ ವಿಷಯದಲ್ಲಿ ಹುಷಾರು. ನಿಜವಾದ ಎಂಜಿನ್ನಿನಲ್ಲಿ ಪವರ್ ಟರ್ಬೈನ್ 33,000 ಆರ್‌ಪಿಎಂ, ಪ್ರಾಪೆಲರ್ 1900, ಅನುಪಾತ ಸುಮಾರು 17.4. ಅದನ್ನು ಹಾಕಿದರೆ ಎಂಜಿನ್ನಿನ ಶಕ್ತಿ ಪಟ್ಟಿಯ ಆರ್‌ಪಿಎಂ ಸಾಲುಗಳೂ 33,000ವರೆಗೆ ಇರಬೇಕು, ಏಕೆಂದರೆ ಪಟ್ಟಿಗೆ ಹೋಗುವುದು ಪ್ರಾಪೆಲರ್ ಆರ್‌ಪಿಎಂ × ಗೇರ್ ಅನುಪಾತ. ಫೈಲಿನಲ್ಲಿ ಅನುಪಾತ 17 ಇದ್ದು ಸಾಲುಗಳು 2000ಕ್ಕೇ ನಿಂತಿದ್ದರೆ, ಪ್ರಾಪೆಲರ್ 120 ಆರ್‌ಪಿಎಂ ದಾಟಿದ ಕ್ಷಣದಿಂದ ಸದಾ ಕೊನೆಯ ಸಾಲೇ ಓದಲ್ಪಡುತ್ತದೆ. ನಮ್ಮ ಸಲಹೆ: ಅನುಪಾತ 1 ಇಡಿ, ಸಾಲುಗಳನ್ನು ಪ್ರಾಪೆಲರ್ ಆರ್‌ಪಿಎಂನಲ್ಲೇ ಬರೆಯಿರಿ.

ಶಕ್ತಿಯ ಪಟ್ಟಿ

ಎಂಜಿನ್ ಫೈಲಿನಲ್ಲಿ ಐಡಲ್‌ಎನ್1 52, ಮ್ಯಾಕ್ಸ್‌ಎನ್1 101.6. ಥ್ರಾಟಲ್ ಸೊನ್ನೆಯಿಂದ ಒಂದಕ್ಕೆ ಹೋದಂತೆ ಎನ್‌1 ಇವೆರಡರ ನಡುವೆ ಸರಳ ರೇಖೆಯಲ್ಲಿ ಏರುತ್ತದೆ. ಎಂಜಿನ್‌ಪವರ್‌ಆರ್‌ಪಿಎಂ-ಎನ್1 ಪಟ್ಟಿಯ 1900 ಆರ್‌ಪಿಎಂ ಸಾಲನ್ನು ಹೀಗೆ ಶುರುಮಾಡಿ. ಇವು ಹದ ಮಾಡಿಕೊಳ್ಳಲು ಆರಂಭದ ಬೆಲೆಗಳೇ ಹೊರತು ತಯಾರಕರ ಅಂಕಿಗಳಲ್ಲ:

52% — 40 ಅಶ್ವಶಕ್ತಿ
60% — 70
70% — 140
80% — 270
90% — 500
95% — 640
98% — 735
101.6% — 850

ಕೊನೆಯ ಬೆಲೆ 675 ದಾಟಿರುವುದು ಬೇಕೆಂದೇ. ಈ ಎಂಜಿನ್ನಿಗೆ ಉಷ್ಣಬಲ ಹೆಚ್ಚಿದೆ, ಗೇರ್‌ಬಾಕ್ಸ್ ತಾಳುವಷ್ಟಕ್ಕೆ ಮಾತ್ರ ಬಳಸಲಾಗುತ್ತದೆ. ಸಮುದ್ರಮಟ್ಟದಲ್ಲಿ ಲಿವರ್ ಪೂರ್ತಿ ತಳ್ಳುವ ಮುಂಚೆಯೇ ಟಾರ್ಕ್ ಮಿತಿ ಬರಬೇಕು. ಎತ್ತರದಲ್ಲಿ ಟಾರ್ಕ್ ಮಿತಿ ಮುಟ್ಟುವ ಮೊದಲೇ ಐಟಿಟಿ ಅಥವಾ ಎನ್‌1 ಮಿತಿ ಬರಬೇಕು. ಪಟ್ಟಿ 675ಕ್ಕೇ ಮುಗಿದರೆ ಈ ಗುಣವೇ ಹುಟ್ಟುವುದಿಲ್ಲ.

ಮ್ಯಾಕ್ಸ್‌ಪವರ್ ಟ್ಯಾಗ್ ಎಲ್ಲ ಗುಣಾಕಾರ ಮುಗಿದ ಮೇಲೆ ಶಕ್ತಿಯನ್ನು ಕತ್ತರಿಸುತ್ತದೆ. ಅಲ್ಲಿ 675 ಹಾಕಿದರೆ ಲಿವರ್ ಎಷ್ಟು ತಳ್ಳಿದರೂ ಟಾರ್ಕ್ ಕೆಂಪು ಗೆರೆಯಲ್ಲೇ ನಿಲ್ಲುತ್ತದೆ. ಆರಾಮ, ಆದರೆ ಸುಳ್ಳು: ಕ್ಯಾರವಾನ್‌ನಲ್ಲಿ ಲಿವರ್ ಅನ್ನು ಮಿತಿಯಲ್ಲಿಡುವುದು ಪೈಲಟ್ ಕೆಲಸ. 850 ಹಾಕಿ, ಓವರ್‌ಟಾರ್ಕ್ ಆಗಲು ಬಿಡಿ.

ಉಳಿದ ಆರ್‌ಪಿಎಂ ಸಾಲುಗಳಿಗೆ 1900ರ ಬೆಲೆಯನ್ನು ಒಂದು ಗುಣಕದಿಂದ ಗುಣಿಸಿ: 1600ಕ್ಕೆ 0.975, 1000ಕ್ಕೆ 0.775, 500ಕ್ಕೆ 0.457. ಫ್ರೀ ಟರ್ಬೈನ್‌ನಲ್ಲಿ (ಗ್ಯಾಸ್ ಜನರೇಟರಿಗೆ ಶಾಫ್ಟಿನ ಜೋಡಣೆಯಿಲ್ಲದೆ ಬೇರೆಯಾಗಿ ತಿರುಗುವ ಪವರ್ ಟರ್ಬೈನ್) ವೇಗ ಕಡಿಮೆಯಾದಷ್ಟೂ ಟಾರ್ಕ್ ಏರುತ್ತದೆ, ಈ ಗುಣಕಗಳು ಅದರಿಂದ ಬಂದವು. ಸೊನ್ನೆ ಆರ್‌ಪಿಎಂ ಸಾಲಿನಲ್ಲಿ ಸೊನ್ನೆ ಬರೆಯಬೇಡಿ. ಶಕ್ತಿ ಸೊನ್ನೆಯಾದರೆ ಟಾರ್ಕೂ ಸೊನ್ನೆ, ಎಂಜಿನ್ ಉರಿಯುತ್ತಿದ್ದರೂ ಪ್ರಾಪೆಲರ್ ತಿರುಗಲು ಶುರುವಾಗುವುದಿಲ್ಲ. ಎನ್‌1ಗೆ ತಕ್ಕಂತೆ ನಾಲ್ಕೈದು ಅಶ್ವಶಕ್ತಿಯಿಂದ ಶುರುಮಾಡಿ.

ಈಗ ಟ್ಯಾಕ್ಸಿ ಪರೀಕ್ಷೆ. ಐಡಲ್‌ನಲ್ಲಿ ವಿಮಾನ ಓಡಿದರೆ ಲಾಗ್‌ನಲ್ಲಿ ಆರ್‌ಪಿಎಂ ನೋಡಿ. ಹೀರುವ ಶಕ್ತಿ ಆರ್‌ಪಿಎಂನ ಘನಕ್ಕೆ ಅನುಗುಣ. ಹಾಗಾಗಿ ಐಡಲ್ ಆರ್‌ಪಿಎಂ 10% ಹೆಚ್ಚಿದ್ದರೆ ಶಕ್ತಿ 33% ಹೆಚ್ಚಿದೆ. 52% ಕಾಲಮ್ಮನ್ನು 1.33ರಿಂದ ಭಾಗಿಸಿ. ಆರ್‌ಪಿಎಂ ಸರಿಯಿದ್ದೂ ಓಡುತ್ತಿದ್ದರೆ ತಪ್ಪು ಸಿ-ಥ್ರಸ್ಟ್‌ನ ಲೋ ಪಿಚ್ ಕಾಲಮ್ಮಿನಲ್ಲಿ. ಇನ್ನೊಂದು ಮಾತು: ನಿಜವಾದ ಕ್ಯಾರವಾನ್ ಕೂಡ ಐಡಲ್‌ನಲ್ಲಿ ನಿಧಾನವಾಗಿ ವೇಗ ಹೆಚ್ಚಿಸಿಕೊಳ್ಳುತ್ತದೆ, ಪೈಲಟ್ ಅದನ್ನು ಬೀಟಾದಿಂದ (ಲಿವರ್‌ನಿಂದಲೇ ಬ್ಲೇಡ್ ಕೋನ ಇಳಿಸುವ ವ್ಯಾಪ್ತಿ) ಹಿಡಿದಿಡುತ್ತಾರೆ. ಪೂರ್ತಿ ನಿಲ್ಲಿಸಲು ಹೋಗಬೇಡಿ.

ಹವೆ: ಬೆಂಗಳೂರಿನ ಮಧ್ಯಾಹ್ನ

ಏರೋಮ್ಯಾಟಿಕ್ ಎಂಬ, ವಿಮಾನದ ಫೈಲುಗಳನ್ನು ತಾನೇ ಬರೆದುಕೊಡುವ ಸಾಧನದಿಂದ ಹುಟ್ಟಿಸಿದ ಫೈಲುಗಳಲ್ಲಿ, ಶಕ್ತಿಯನ್ನು ಗುಣಿಸುವ ಎಂಜಿನ್‌ಪವರ್‌ವಿಸಿ ಪಟ್ಟಿ ಗಾಳಿಯ ಒತ್ತಡ ಮತ್ತು ವೇಗವನ್ನು ಮಾತ್ರ ನೋಡುತ್ತದೆ. ತಾಪಮಾನ ಅಲ್ಲಿ ಇಲ್ಲವೇ ಇಲ್ಲ. ಬಿಸಿಲಿಗೆ ಎಂಜಿನ್ ಬಗ್ಗದಿರುವುದು ಇದರಿಂದ.

ಟರ್ಬೈನ್ ಎಂಜಿನ್ನಿನ ಸಾಮ್ಯ ನಿಯಮ ಸರಳ. ತಾಪ ಅನುಪಾತ ಅಂದರೆ ಎಂಜಿನ್ ಬಾಯಿಯ ಒಟ್ಟು ತಾಪಮಾನ ÷ 518.67 ರ‍್ಯಾಂಕಿನ್. ಒತ್ತಡ ಅನುಪಾತ ಅಂದರೆ ಒಟ್ಟು ಒತ್ತಡ ÷ ಚದರಡಿಗೆ 2116 ಪೌಂಡ್. ಜೆಎಸ್‌ಬಿಸಿಮ್ ಒಟ್ಟು ತಾಪಮಾನ, ಒಟ್ಟು ಒತ್ತಡ ಎರಡನ್ನೂ ಪ್ರೊಪಲ್ಷನ್ ವಿಭಾಗದ ಟಿಎಟಿ-ಆರ್ ಮತ್ತು ಪಿಟಿ ಪ್ರಾಪರ್ಟಿಗಳಲ್ಲಿ (ಹೆಸರಿಟ್ಟ ಬೆಲೆಗಳಲ್ಲಿ) ಸಿದ್ಧವಾಗಿ ಕೊಡುತ್ತದೆ. ಒಟ್ಟು ಒತ್ತಡ ಬಳಸುವುದರಿಂದ ವೇಗದ ಲಾಭವೂ ತಾನಾಗಿ ಬರುತ್ತದೆ, ಬೇರೆ ಕಾಲಂ ಬೇಕಿಲ್ಲ. ಎನ್‌1 ಅನ್ನು ತಾಪ ಅನುಪಾತದ ವರ್ಗಮೂಲದಿಂದ ಭಾಗಿಸಿದರೆ ಸರಿಪಡಿಸಿದ ಎನ್‌1. ನಿಜವಾದ ಶಕ್ತಿ = ಒತ್ತಡ ಅನುಪಾತ × ತಾಪ ಅನುಪಾತದ ವರ್ಗಮೂಲ × ಸರಿಪಡಿಸಿದ ಎನ್‌1ಗೆ ಮೇಲಿನ ಪಟ್ಟಿ ಕೊಡುವ ಶಕ್ತಿ.

ಅಳವಡಿಸುವ ಬಗೆ ಹೀಗೆ:

1. ಪ್ರೊಪಲ್ಷನ್ ವಿಭಾಗದ ಆರಂಭದಲ್ಲೇ ನಿಮ್ಮದೊಂದು ಪ್ರಾಪರ್ಟಿ ಘೋಷಿಸಿ, ಆರಂಭದ ಬೆಲೆ 1. ಇಲ್ಲದಿದ್ದರೆ ಹಳೆಯ ಆವೃತ್ತಿಗಳು ಎಂಜಿನ್ ಫೈಲ್ ಓದುವಾಗಲೇ ಪ್ರಾಪರ್ಟಿ ಸಿಗಲಿಲ್ಲವೆಂದು ನಿಂತುಬಿಡುತ್ತವೆ.

2. ಪ್ರತ್ಯೇಕ ಸಿಸ್ಟಮ್ ಫೈಲಿನಲ್ಲಿ ಒಂದು ಎಫ್‌ಸಿಎಸ್ (ಹಾರಾಟ ನಿಯಂತ್ರಣ ವ್ಯವಸ್ಥೆಯ) ಫಂಕ್ಷನ್ ಬರೆದು ಗುಣಕ ಲೆಕ್ಕಹಾಕಿ: ಮೇಲಿನ ಸೂತ್ರದ ಶಕ್ತಿ ÷ ಸರಿಪಡಿಸದ ಎನ್‌1ಗೆ ಪಟ್ಟಿ ಕೊಡುವ ಶಕ್ತಿ. 1900ರ ಸಾಲನ್ನೇ ಇಲ್ಲಿ ಎರಡು ಸಲ ನಕಲಿಸಿಕೊಳ್ಳಬೇಕು. ಚಳಿಯಲ್ಲಿ ಸರಿಪಡಿಸಿದ ಎನ್‌1 101.6 ದಾಟುವುದರಿಂದ ನಕಲನ್ನು 110ರವರೆಗೆ ಎಳೆಯಿರಿ.

3. ಎಂಜಿನ್‌ಪವರ್‌ವಿಸಿ ಪಟ್ಟಿಯನ್ನು ಅಳಿಸಿ, ಆ ಪ್ರಾಪರ್ಟಿಯನ್ನೇ ಓದುವ ಎರಡು ಸಾಲಿನ ಪಟ್ಟಿ ಇಡಿ: 0ಗೆ 0, 2ಕ್ಕೆ 2. ಬಂದದ್ದನ್ನು ಹಾಗೇ ದಾಟಿಸುವುದಷ್ಟೇ ಅದರ ಕೆಲಸ.

ತಾಳೆ ನೋಡೋಣ. ಬೆಂಗಳೂರಿನ ಎತ್ತರ ಸುಮಾರು 3,000 ಅಡಿ. ಒತ್ತಡ ಅನುಪಾತ 0.896. 30 ಡಿಗ್ರಿ ಬಿಸಿಲಿಗೆ ತಾಪ ಅನುಪಾತ 1.052, ವರ್ಗಮೂಲ 1.026. ಎರಡರ ಗುಣಲಬ್ಧ 0.919. 675 ಅಶ್ವಶಕ್ತಿ ಬೇಕೆಂದರೆ ಪಟ್ಟಿಯಲ್ಲಿ 735 ಇರಬೇಕು, ಅದು 98%ಗೆ ಸಿಗುತ್ತದೆ. ನಿಜವಾದ ಎನ್‌1 98 × 1.026, ಅಂದರೆ 100.5%. ಸಮುದ್ರಮಟ್ಟದ 15 ಡಿಗ್ರಿಯಲ್ಲಿ ಇದೇ 675ಕ್ಕೆ 96.1% ಸಾಕಿತ್ತು. ಲಿವರ್ ಹೆಚ್ಚು ತಳ್ಳಬೇಕಾಯಿತು, 101.6ರ ಗೆರೆ ಹತ್ತಿರ ಬಂತು. ಲಾಗ್‌ನಲ್ಲಿ ಈ ಎರಡು ಬಿಂದುಗಳು ಅರ್ಧ ಶೇಕಡಾ ಒಳಗೆ ಬರದಿದ್ದರೆ ಫಂಕ್ಷನ್‌ನಲ್ಲಿ ತಪ್ಪಿದೆ. ಹೆಚ್ಚಾಗಿ ಅದು ಸೆಲ್ಸಿಯಸ್ ತಾಪಮಾನವನ್ನು ಹಾಗೇ ಭಾಗಿಸಿದ್ದರಿಂದ.

ಸಮಯ

ಎನ್1ಐಡಲ್-ಮ್ಯಾಕ್ಸ್-ಡಿಲೇ ಒಂದು ಸಮಯ ಸ್ಥಿರಾಂಕ, ಪೂರ್ತಿ ಏರುವ ಸಮಯ ಅಲ್ಲ. 1 ಹಾಕಿದರೆ ಒಂದು ಸೆಕೆಂಡಿನಲ್ಲಿ 63%, ಮೂರು ಸೆಕೆಂಡಿನಲ್ಲಿ 95%. ಇಳಿಯುವಾಗ ಅದರ 2.4 ಪಟ್ಟು ನಿಧಾನ, ಅದು ಕೋಡಿನಲ್ಲೇ ಇದೆ. ಲ್ಯಾಂಡಿಂಗ್‌ನಲ್ಲಿ ಲಿವರ್ ಎಳೆದರೂ ವಿಮಾನ ತೇಲುತ್ತಾ ಹೋಗುತ್ತಿದ್ದರೆ ಇದನ್ನು 0.7ಕ್ಕೆ ಇಳಿಸಿ.

ಇನ್ನೊಂದು ಕೊರತೆ: ಈ ಏರಿಕೆ ಮೊದಲ ಕ್ಷಣದಲ್ಲೇ ಅತಿ ಜೋರು. ನಿಜವಾದ ಪಿಟಿ6 ಲೋ ಐಡಲ್‌ನಿಂದ ಮೊದಲು ತಡವರಿಸಿ ಆಮೇಲೆ ಚುರುಕಾಗುತ್ತದೆ. ಥ್ರಾಟಲ್ ದಾರಿಯಲ್ಲಿ ಒಂದು ಲ್ಯಾಗ್ ಫಿಲ್ಟರ್ (ಬದಲಾವಣೆಯನ್ನು ತಡಮಾಡುವ ಘಟಕ) ಹಾಕಿ, ಸಿ1 ಬೆಲೆ 2, ಅಂದರೆ ಅರ್ಧ ಸೆಕೆಂಡು. ಎರಡೂ ಸೇರಿ 95%ಗೆ ಸುಮಾರು 3.7 ಸೆಕೆಂಡು, ಆಕಾರವೂ ಸರಿಯಾಗುತ್ತದೆ.

ಹೈ ಐಡಲ್‌ಗೆ ಜೆಎಸ್‌ಬಿಸಿಮ್‌ನಲ್ಲಿ ಟ್ಯಾಗ್ ಇಲ್ಲ. ಕಂಡೀಷನ್ ಲಿವರ್ (ಐಡಲ್ ವೇಗ ನಿರ್ಧರಿಸುವ ಲಿವರ್) ಹೈ ಐಡಲ್ ಸ್ಥಾನದಲ್ಲಿದ್ದಾಗ ಥ್ರಾಟಲ್‌ನ ತಳವನ್ನೇ ಎತ್ತಿ: (65 − 52) ÷ (101.6 − 52) = 0.262. ಉಳಿದ ಪ್ರಯಾಣವನ್ನು 0.262ರಿಂದ 1ರ ನಡುವೆ ಹಂಚಿ. ರಿವರ್ಸ್ ಇದ್ದಾಗ ಇದನ್ನು ಕಡ್ಡಾಯವಾಗಿ ಬಂದ್ ಮಾಡಿ, ಏಕೆಂದರೆ ಅಲ್ಲಿ ಬ್ಲೇಡ್ ಕೋನವನ್ನು ಇದೇ ಥ್ರಾಟಲ್ ನಿರ್ಧರಿಸುತ್ತದೆ.

ಇದೆಲ್ಲ ಫ್ರೀ ಟರ್ಬೈನ್‌ನ ಮಾತು. ವಾಯುಪಡೆಯ ತರಬೇತಿ ವಿಮಾನ ಪಿಸಿ-7 ಮಾರ್ಕ್ 2, ಬೆಂಗಳೂರಿನ ಎನ್‌ಎಎಲ್ ಪ್ರಯೋಗಾಲಯ ಕಟ್ಟಿದ ಸರಸ್ ವಿಮಾನ ಎರಡಕ್ಕೂ ಪಿಟಿ6 ಕುಟುಂಬದ ಎಂಜಿನ್ನೇ. ಆದರೆ ಎಚ್‌ಎಎಲ್‌ನ ಎಚ್‌ಟಿಟಿ-40ರಲ್ಲಿರುವುದು ಟಿಪಿಇ331-12ಬಿ. ಅಲ್ಲಿ ಕಂಪ್ರೆಸರ್, ಟರ್ಬೈನ್, ಪ್ರಾಪೆಲರ್ ಒಂದೇ ಶಾಫ್ಟಿಗೆ ಗೇರ್ ಮೂಲಕ ಕಟ್ಟಿಕೊಂಡಿವೆ. ಆರ್‌ಪಿಎಂ ಬಹುತೇಕ ಸ್ಥಿರ, ಇಂಧನ ಸುರಿದ ಕೂಡಲೇ ಟಾರ್ಕ್ ಬರುತ್ತದೆ. ಅಂಥ ವಿಮಾನಕ್ಕೆ ಮೇಲಿನ ತಡಗಳನ್ನು ನಕಲಿಸಿದರೆ ಎಡವಟ್ಟು.

ರಿವರ್ಸ್

ರಿವರ್ಸ್ ಒತ್ತಿ ಥ್ರಾಟಲ್ ತೆರೆದಂತೆ ಕೋನ 15.6ರಿಂದ ಮೈನಸ್ 14ರ ಕಡೆ ಸರಳ ರೇಖೆಯಲ್ಲಿ ಹೋಗುತ್ತದೆ. ಥ್ರಾಟಲ್ ಶೇಕಡಾ ಬೀಟಾರೇಂಜ್‌ಎಂಡ್ ಬೆಲೆಯನ್ನು ದಾಟಿದ ಮೇಲೆ ಎಂಜಿನ್ನಿಗೆ ಶಕ್ತಿ ಸೇರುತ್ತದೆ. ಫೈಲಿನಲ್ಲಿ ಅದು 35 ಇದೆ ಎನ್ನಿ. 35%ನಲ್ಲಿ ಕೋನ 15.6 − 29.6 × 0.35 = 5.2 ಡಿಗ್ರಿ. ಇನ್ನೂ ಮುಂದಕ್ಕೇ ತಳ್ಳುವ ಕೋನ ಅದು! ಅಲ್ಲೇ ಶಕ್ತಿ ಸೇರಿದರೆ ವಿಮಾನ ಮುಂದಕ್ಕೆ ನುಗ್ಗದೆ ಏನು ಮಾಡೀತು. 60 ಹಾಕಿ, ಆಗ ಶಕ್ತಿ ಸೇರುವ ಹೊತ್ತಿಗೆ ಕೋನ ಮೈನಸ್ 2.2. ರಿವರ್ಸ್‌ಮ್ಯಾಕ್ಸ್‌ಪವರ್ ಶಕ್ತಿಯ ಶೇಕಡಾ ಅಲ್ಲ, ಥ್ರಾಟಲ್‌ನದು: 60 ಹಾಕಿದರೆ ಎನ್‌1 82%ರ ಹತ್ತಿರ ನಿಲ್ಲುತ್ತದೆ, ಪಟ್ಟಿಯಂತೆ 300 ಅಶ್ವಶಕ್ತಿ ಚಿಲ್ಲರೆ.

ಐಟಿಟಿ ಮತ್ತು ಇಂಧನ

ಐಟಿಟಿ-ಎನ್1 ಪಟ್ಟಿಯಲ್ಲಿ 0 ಕಾಲಂ ಆರಿದ ಎಂಜಿನ್ನಿಗೆ, 1 ಉರಿಯುವ ಎಂಜಿನ್ನಿಗೆ. ಎರಡನೆಯದನ್ನು ನೇರ ಗೆರೆಯಾಗಿ ಬರೆಯಬೇಡಿ. ಲೋ ಐಡಲ್‌ನಲ್ಲಿ ಗಾಳಿ ಕಡಿಮೆ ಹರಿಯುವುದರಿಂದ ಎಂಜಿನ್ ಬಿಸಿಯೇ ಇರುತ್ತದೆ: 52ಕ್ಕೆ 560, 70ಕ್ಕೆ 520, 80ಕ್ಕೆ 550, 90ಕ್ಕೆ 620, 95ಕ್ಕೆ 685, 101.6ಕ್ಕೆ 790 ಎಂದು ಶುರುಮಾಡಿ. ಹೊರಗಿನ ತಾಪಕ್ಕೆ ಐಟಿಟಿಯನ್ನು ಬೇರೆ ಸರಿಪಡಿಸಬೇಕೇ? ಬೆಂಗಳೂರಿನ ಮೇಲಿನ ಲೆಕ್ಕದಲ್ಲಿ ಪಟ್ಟಿ 772 ತೋರಿಸುತ್ತದೆ, ಸಾಮ್ಯ ನಿಯಮದಂತೆ 785 ಬರಬೇಕು. ಬಿಟ್ಟರೆ ನಡೆಯುತ್ತದೆ, ಎನ್‌1 ಏರಿಕೆಯೇ ಮುಕ್ಕಾಲು ಪಾಲು ಕೆಲಸ ಮಾಡಿದೆ.

ಲಿವರ್ ತಳ್ಳಿದಾಗ ಐಟಿಟಿ ಜಿಗಿಯುವುದೂ ಇದೇ ಪಟ್ಟಿಯಿಂದ. ಜೆಎಸ್‌ಬಿಸಿಮ್ ಪ್ರತಿ ಹೆಜ್ಜೆಯಲ್ಲಿ ಎನ್‌1 ಏರಿದಷ್ಟನ್ನು 300ರಿಂದ ಗುಣಿಸಿ, ಅಷ್ಟು ಮುಂದಿನ ಬೆಲೆ ಓದುತ್ತದೆ. 120 ಹರ್ಟ್ಸ್‌ನಲ್ಲಿ ಸೆಕೆಂಡಿಗೆ 10% ಏರಿದರೆ 25 ಅಂಶ ಮುಂದೆ. ಹಾಗಾಗಿ ಪಟ್ಟಿಯ ಕೊನೆಯ ಸಾಲೇ ಜಿಗಿತದ ಛಾವಣಿ. 120ಕ್ಕೆ 900 ಎಂದು ಒಂದು ಸಾಲು ಸೇರಿಸಿ, ಐಟಿಟಿ-ಡಿಲೇ 1ರ ಸುಮಾರು ಇಡಿ, ಅದು 0.05 ಇದ್ದರೆ ಮುಳ್ಳು ಚಿಮ್ಮುತ್ತದೆ. ಸಿಮ್ಯುಲೇಟರ್‌ನ ಮಾಡೆಲ್ ದರ ಬದಲಿಸಿದರೆ ಈ ಜಿಗಿತವೂ ಬದಲಾಗುತ್ತದೆ, ಮರೆಯಬೇಡಿ. ಸ್ಟಾರ್ಟರ್‌ಎನ್1 20 ಇರಲಿ: 15% ದಾಟುವವರೆಗೆ ಜೆಎಸ್‌ಬಿಸಿಮ್ ಬೆಂಕಿ ಹೊತ್ತಿಸುವುದಿಲ್ಲ, 14 ಹಾಕಿದರೆ ಎಂಜಿನ್ ಶುರುವೇ ಆಗದು.

ಇಂಧನ ಹರಿವು = ಪಿಎಸ್‌ಎಫ್‌ಸಿ ÷ ದಹನ ದಕ್ಷತೆ × ಅಶ್ವಶಕ್ತಿ. ಪಿಎಸ್‌ಎಫ್‌ಸಿ, ಅಂದರೆ ಒಂದು ಅಶ್ವಶಕ್ತಿಗೆ ಗಂಟೆಗೆ ಬೇಕಾದ ಇಂಧನ, 0.64 ಪೌಂಡ್, ಪೂರ್ಣ ಶಕ್ತಿಯಲ್ಲಿ ದಕ್ಷತೆ 1. ಗಂಟೆಗೆ 432 ಪೌಂಡ್ ಬರುತ್ತದೆ. ಐಡಲ್‌ನಲ್ಲಿ ಪಟ್ಟಿಯ 40 ಅಶ್ವಶಕ್ತಿಗೆ ಇದೇ ಸೂತ್ರ 26 ಪೌಂಡ್ ಎನ್ನುತ್ತದೆ, ಅದು ಅಸಾಧ್ಯ. ಗ್ಯಾಸ್ ಜನರೇಟರ್ ತನ್ನನ್ನು ತಿರುಗಿಸಿಕೊಳ್ಳಲೇ ಅದಕ್ಕಿಂತ ಎಷ್ಟೋ ಹೆಚ್ಚು ಕುಡಿಯುತ್ತದೆ. 100 ಪೌಂಡ್‌ನ ಆಸುಪಾಸು ತರಲು 52%ಗೆ ದಕ್ಷತೆಯನ್ನು 0.26 ಎಂದು ಬರೆಯಿರಿ, 80%ಗೆ 0.75, 95%ರಿಂದ 1. ಆಮೇಲೆ 10,000 ಅಡಿಯಲ್ಲಿ ಕ್ರೂಸ್ ಮಾಡಿ, ಟಾರ್ಕ್, ವೇಗ, ಇಂಧನ ಮೂರನ್ನೂ ಕೈಪಿಡಿಯ ಪಟ್ಟಿಯೊಂದಿಗೆ ಹೋಲಿಸಿ. ಟಾರ್ಕೂ ಇಂಧನವೂ ಸರಿಯಿದ್ದು ವೇಗ ಮಾತ್ರ ತಪ್ಪಿದ್ದರೆ ಎಂಜಿನ್ ಫೈಲ್ ಮುಚ್ಚಿಡಿ. ಮುಂದಿನ ಕೆಲಸ ವಿಮಾನದ ಡ್ರ್ಯಾಗ್ ಪಟ್ಟಿಯದು.